ದೊಡ್ಡ ಕರುಳು ತೆಗೆಸಿ ಆರು ವರ್ಷ: ನಾಲ್ಕು ಲೀಟರ್ ನೀರು ಕುಡಿದರೂ ದಾಹ, ಸುಸ್ತು ಏಕೆ?

ಪ್ರಶ್ನೆ

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೋಡೆಯಲ್ಲಿ ಉರಿಯೂತವೂ ಹುಣ್ಣೂ ಆಗುವ ಕಾಯಿಲೆ) ಯಾವ ಔಷಧಿಗೂ ಬಗ್ಗದೇ ಹೋದದ್ದರಿಂದ ಆರು ವರ್ಷಗಳ ಹಿಂದೆ ನನ್ನ ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆದು, ಸಣ್ಣ ಕರುಳಿನ ತುದಿಯನ್ನೇ ಮಡಚಿ ಹೊಲಿದು ಒಳಗೆ ಮಲ ಶೇಖರವಾಗುವ ಚೀಲ, ಅಂದರೆ ಪೌಚ್ ಮಾಡಿದರು. ರಕ್ತ ಬೀಳುವುದು, ಹೊಟ್ಟೆನೋವು, ವರ್ಷಗಟ್ಟಲೆ ನುಂಗಿದ ಸ್ಟಿರಾಯ್ಡ್ ಮಾತ್ರೆಗಳು ಎಲ್ಲವೂ ಅಲ್ಲಿಗೆ ಮುಗಿದವು. ಆ ಮಟ್ಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಆದರೆ ಒಂದು ವರ್ಷದಿಂದ ಮಧ್ಯಾಹ್ನದ ಹೊತ್ತಿಗೆ ಮೈಯಲ್ಲಿ ಕಸುವೇ ಉಳಿಯುವುದಿಲ್ಲ. ನಡುರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತದೆ, ಕುಳಿತಲ್ಲಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತದೆ. ಮೈಗೆ ನೀರು ಸಾಲುತ್ತಿಲ್ಲವೆಂದು ದಿನಕ್ಕೆ ನಾಲ್ಕು ಲೀಟರ್ ಕುಡಿಯತೊಡಗಿದೆ. ಕುಡಿದಷ್ಟೂ ಶೌಚಕ್ಕೆ ಓಡುವುದು ಹೆಚ್ಚಾಗಿ, ಮೊದಲು ದಿನಕ್ಕೆ ಆರು ಸಲ ಇದ್ದದ್ದು ಈಗ ಹತ್ತಕ್ಕೆ ಬಂದಿದೆ. ಮೂತ್ರ ಮಾತ್ರ ಕಡು ಹಳದಿಯಾಗಿಯೇ ಇದೆ. ರಕ್ತದಲ್ಲಿ ಸೋಡಿಯಂ, ಮೂತ್ರಪಿಂಡದ ಕೆಲಸವನ್ನು ಸೂಚಿಸುವ ಕ್ರಿಯಾಟಿನಿನ್ ಎರಡೂ ಸರಿಯಾಗಿವೆಯೆಂದು ವರದಿ ಹೇಳುತ್ತದೆ. ಉಪ್ಪು ಕಡಿಮೆ ಮಾಡಿ, ನಾರಿನಂಶ ಹೆಚ್ಚಿಸಿ ಎಂದು ಎಲ್ಲರಿಗೂ ಹೇಳುವ ನಿಯಮವನ್ನು ನಾನು ನಿಷ್ಠೆಯಿಂದ ಪಾಲಿಸುತ್ತಿದ್ದೇನೆ. ನನ್ನ ಹಾಗೆ ದೊಡ್ಡ ಕರುಳಿಲ್ಲದೆ ಬಹುಕಾಲ ಕಳೆದವರು ಏನು ಮಾಡುತ್ತೀರಿ, ಯಾವ ಪರೀಕ್ಷೆಗಳನ್ನು ಮಾಡಿಸುತ್ತೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನನಗೆ ಪೌಚ್ ಇಲ್ಲ, ಹದಿನಾಲ್ಕು ವರ್ಷಗಳಿಂದ ಇಲಿಯಾಸ್ಟಮಿ ಚೀಲವಿದೆ, ಅಂದರೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತೆಗೆದು ಅಲ್ಲಿಗೆ ಚೀಲ ಅಂಟಿಸಿರುತ್ತಾರೆ. ಹೀಗಾಗಿ ಹೊರಗೆ ಹೋಗುವುದನ್ನು ಅಳೆದು ನೋಡುವ ಸೌಲಭ್ಯ ನಿಮಗಿಂತ ನನಗೆ ಹೆಚ್ಚು. ನೀವು ಬರೆದದ್ದನ್ನು ಓದಿದಾಗ ನನ್ನ ಮೂರನೆಯ ವರ್ಷವೇ ನೆನಪಾಯಿತು.

ದೊಡ್ಡ ಕರುಳಿನ ಮುಖ್ಯ ಕೆಲಸ ಆಹಾರ ಜೀರ್ಣಿಸುವುದಲ್ಲ. ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಅದರೊಳಗೆ ಬರುತ್ತದೆ. ಅದರಲ್ಲಿ ನೂರು, ನೂರೈವತ್ತು ಮಿಲಿಲೀಟರ್ ಬಿಟ್ಟು ಉಳಿದ ನೀರನ್ನೂ ಅದರಲ್ಲಿರುವ ಉಪ್ಪನ್ನೂ ಅದು ಮೈಗೆ ಮರಳಿಸುತ್ತದೆ. ಆ ಅಂಗವೇ ಇಲ್ಲದ ನಮ್ಮಿಂದ ಪ್ರತಿದಿನ ನೀರಿನ ಜೊತೆ ಉಪ್ಪೂ ಸೋರುತ್ತಿರುತ್ತದೆ. ಸೋರಿದ ಉಪ್ಪನ್ನು ತುಂಬಿಕೊಡದೆ ಬರೀ ನೀರನ್ನು ಸುರಿದರೆ ಅದು ಮೈಯಲ್ಲಿ ನಿಲ್ಲುವುದಿಲ್ಲ, ಮೂತ್ರವಾಗುವ ಮೊದಲೇ ಕರುಳಿನ ದಾರಿಯಲ್ಲಿ ಹೊರಟುಹೋಗುತ್ತದೆ. ಸಾಲದ್ದಕ್ಕೆ ಸಣ್ಣ ಕರುಳಿನ ಮೇಲ್ಭಾಗದ ಗೋಡೆ ಸಡಿಲವಾದದ್ದು. ಸಪ್ಪೆ ನೀರು ಅಲ್ಲಿಗೆ ಬಂದಾಗ ರಕ್ತದಲ್ಲಿರುವ ಸೋಡಿಯಂ ಕರುಳಿನೊಳಕ್ಕೆ ಇಳಿಯುತ್ತದೆ. ಕುಡಿದಷ್ಟೂ ಒಣಗುವುದು ಎಂದರೆ ಇದೇ.

ಸಣ್ಣ ಕರುಳು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಹೀರಿಕೊಳ್ಳುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆಯೇ. ನನ್ನ ವೈದ್ಯರು ಹೇಳಿಕೊಟ್ಟದ್ದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿ ಪ್ರಸಿದ್ಧವಾದ ಮಿಶ್ರಣ: ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ. ಇದರಲ್ಲಿ ಲೀಟರಿಗೆ ಸುಮಾರು 90 ಮಿಲಿಮೋಲ್ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡುತ್ತಿರುವ ಓಆರ್‌ಎಸ್‌ನಲ್ಲಿ 75. ಚಮಚದ ಲೆಕ್ಕವನ್ನು ನಂಬಬೇಡಿ. ನನ್ನ ಮನೆಯಲ್ಲಿರುವ ಮೂರು ಟೀ ಚಮಚಗಳಲ್ಲಿ ಉಪ್ಪು ತುಂಬಿ ತೂಗಿದಾಗ ಮೂರೂ ಬೇರೆ ಬೇರೆ ತೂಕ ತೋರಿಸಿದವು, ಅಂದೇ ಚಿಕ್ಕ ತಕ್ಕಡಿ ತಂದುಕೊಂಡೆ. ರುಚಿ ಕಣ್ಣೀರನ್ನು ನೆಕ್ಕಿದಂತಿರುತ್ತದೆ. ಚೆನ್ನಾಗಿ ತಣ್ಣಗೆ ಮಾಡಿ ಸ್ಟ್ರಾ ಹಾಕಿಕೊಂಡು ದಿನವಿಡೀ ಗುಟುಕು ಗುಟುಕಾಗಿ ಕುಡಿದರೆ ಸಹಿಸಬಹುದು.

ರಕ್ತದ ಸೋಡಿಯಂ ಸರಿಯಾಗಿದೆ ಎಂಬುದರಿಂದ ಸಮಾಧಾನಪಡಬೇಡಿ. ಮೂತ್ರಪಿಂಡಗಳು ಕೊನೆಯ ಹರಳಿನವರೆಗೂ ಉಪ್ಪನ್ನು ಹಿಡಿದಿಟ್ಟುಕೊಂಡು ರಕ್ತದ ಮಟ್ಟವನ್ನು ಕಾಪಾಡುತ್ತವೆ. ಮೂತ್ರದಲ್ಲಿ ಸೋಡಿಯಂ ಎಷ್ಟಿದೆಯೆಂದು ನೋಡಿಸಿ. ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ಮೈಯಲ್ಲಿ ಉಪ್ಪಿನ ಬರವಿದೆ ಎಂದರ್ಥ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಉಪ್ಪನ್ನು ಹೆಚ್ಚಿಸಬೇಡಿ.

ಎರಡನೆಯ ಉತ್ತರ

ಕರುಳಿನ ಶಸ್ತ್ರಚಿಕಿತ್ಸೆಯಾದವರ ಪಥ್ಯ ನೋಡಿಕೊಳ್ಳುವುದು ನನ್ನ ಕೆಲಸ. ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಉಪ್ಪಿನ ತಲೆಗೆ ಕಟ್ಟುವುದಕ್ಕೆ ನನ್ನ ತಕರಾರಿದೆ. ಐದು ವರ್ಷ ನೆಮ್ಮದಿಯಾಗಿದ್ದವರಿಗೆ ಆರನೆಯ ವರ್ಷದಲ್ಲಿ ಶೌಚದ ಲೆಕ್ಕ ಏರಿದೆಯೆಂದರೆ ಮೊದಲು ಸಂಶಯಿಸಬೇಕಾದದ್ದು ಪೌಚಿನ ಉರಿಯೂತವನ್ನು, ಅಂದರೆ ಪೌಚೈಟಿಸನ್ನು. ಅಲ್ಸರೇಟಿವ್ ಕೊಲೈಟಿಸ್‌ಗಾಗಿ ಪೌಚ್ ಮಾಡಿಸಿಕೊಂಡವರಲ್ಲಿ ಇದು ತೀರ ಸಾಮಾನ್ಯ, ಬಹುಪಾಲು ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಎಂಡೋಸ್ಕೋಪಿಯಿಲ್ಲದೆ ಅದನ್ನು ಖಚಿತವಾಗಿ ಹೇಳಲಾಗದು.

ಸುಸ್ತಿಗೆ ಕಬ್ಬಿಣಾಂಶದ ಕೊರತೆಯೂ ಕಾರಣವಾಗಿರಬಹುದು. ಉರಿಯೂತವಿದ್ದರೆ ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಹೋಗುತ್ತಿರುತ್ತದೆ. ಹಿಮೋಗ್ಲೋಬಿನ್ ಒಂದನ್ನೇ ನೋಡದೆ ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಬಿ12 ಜೀವಸತ್ವ ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ, ನಿಮ್ಮ ಪೌಚ್ ಆಗಿರುವುದೂ ಅದೇ ಭಾಗದಿಂದ. ಯಕೃತ್ತಿನಲ್ಲಿ ಬಿ12ರ ದಾಸ್ತಾನು ವರ್ಷಗಳ ಮಟ್ಟಿಗೆ ಸಾಲುತ್ತದೆಯಾದ್ದರಿಂದ ಕೊರತೆ ತಡವಾಗಿ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಶಸ್ತ್ರಚಿಕಿತ್ಸೆಗೂ ಅದಕ್ಕೂ ನಂಟಿದೆಯೆಂಬುದೇ ಮರೆತುಹೋಗಿರುತ್ತದೆ. ಮೀನಖಂಡದ ಸೆಳೆತವಿರುವುದರಿಂದ ಮೆಗ್ನೀಸಿಯಂ ಪರೀಕ್ಷೆ ಬೇಕೇ ಬೇಕು. ಸ್ಟಿರಾಯ್ಡ್ ತೆಗೆದುಕೊಂಡ ವರ್ಷಗಳಿವೆಯಾದ್ದರಿಂದ ವಿಟಮಿನ್ ಡಿ ಮತ್ತು ಮೂಳೆಯ ಸಾಂದ್ರತೆಯ ಪರೀಕ್ಷೆಯನ್ನೂ ಸೇರಿಸಿ.

ಕಡು ಹಳದಿ ಮೂತ್ರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂತ್ರ ಕಡಿಮೆಯಾಗಿ ಆಮ್ಲೀಯವಾದಾಗ ಯೂರಿಕ್ ಆಮ್ಲದ ಕಲ್ಲುಗಳು ಕಟ್ಟುತ್ತವೆ. ಹಾಗೆಯೇ ನೀವು ನುಂಗುವ ಮಾತ್ರೆಗಳಲ್ಲಿ ನಿಧಾನವಾಗಿ ಕರಗುವಂತೆ ಮಾಡಿದವು ಇದ್ದರೆ ಅವು ಪೂರ್ತಿ ಕರಗುವ ಮೊದಲೇ ಹೊರಬರಬಹುದು, ವೈದ್ಯರಿಗೆ ತಿಳಿಸಿ ಬದಲಾಯಿಸಿಕೊಳ್ಳಿ.

ಮೂರನೆಯ ಉತ್ತರ

ನಾರಿನಂಶದ ಬಗ್ಗೆ ಯಾರೂ ಹೇಳಲಿಲ್ಲ. ನಾನೂ ಪೌಚ್ ಇರುವವನೇ, ಒಂಬತ್ತು ವರ್ಷವಾಯಿತು. ನೀರಿನಲ್ಲಿ ಕರಗಿ ಅಂಟಾಗುವ ನಾರು ನಮಗೆ ಮಿತ್ರ. ಓಟ್ಸ್, ಬಾಳೆಹಣ್ಣು, ಸಿಪ್ಪೆ ತೆಗೆದು ಬೇಯಿಸಿದ ಸೇಬು ಮಲವನ್ನು ಗಟ್ಟಿ ಮಾಡುತ್ತವೆ. ಗೋಧಿಯ ಹೊಟ್ಟು, ಹಸಿ ತರಕಾರಿಯ ಸಿಪ್ಪೆಗಳಂಥವು ಓಟವನ್ನು ಹೆಚ್ಚಿಸುತ್ತವೆ. ಹಾಗೆಂದು ಅವನ್ನು ಜನ್ಮಕ್ಕೆ ಬಿಟ್ಟೆ ಎನ್ನಬೇಕಾಗಿಲ್ಲ, ನುಣ್ಣಗಾಗುವವರೆಗೆ ಅಗಿದರೆ ಸಾಕು. ಒಮ್ಮೆ ಹರಟೆಯ ಭರದಲ್ಲಿ ಅಣಬೆಯನ್ನು ಅಗಿಯದೆ ನುಂಗಿ, ಹೊಟ್ಟೆ ಕಲ್ಲಿನಂತಾಗಿ, ವಾಂತಿ ಶುರುವಾಗಿ, ಗಾಳಿಯೂ ಹೋಗದೆ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿದ್ದೆ. ಅಂಥ ಲಕ್ಷಣ ಕಂಡರೆ ಮನೆಮದ್ದು ಬೇಡ, ಜುಲಾಬಿನ ಔಷಧಿಯಂತೂ ಬೇಡವೇ ಬೇಡ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಪೌಚಿನ ಉರಿಯೂತವಿಲ್ಲವೆಂದು ಗೊತ್ತಾದ ಮೇಲೆ ಕರುಳಿನ ಓಟವನ್ನು ನಿಧಾನಗೊಳಿಸುವ ಲೋಪೆರಮೈಡ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಅದರ ಗುಣ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು, ಐದು ವಾರಗಳ ಬಳಿಕ

ಮೂವರಿಗೂ ಕೃತಜ್ಞತೆಗಳು. ಮೂತ್ರದ ಸೋಡಿಯಂ 9 ಬಂದಿತು. ಫೆರಿಟಿನ್ ತಳ ಮುಟ್ಟಿದೆ, ಮೆಗ್ನೀಸಿಯಂ ಸ್ವಲ್ಪ ಕಡಿಮೆ, ಬಿ12 ಸದ್ಯಕ್ಕೆ ಸರಿಯಿದೆ. ಎಂಡೋಸ್ಕೋಪಿಯಲ್ಲಿ ಪೌಚಿನ ಉರಿಯೂತ ಕಂಡದ್ದರಿಂದ ಎರಡು ವಾರ ಆ್ಯಂಟಿಬಯೋಟಿಕ್ ಕೊಟ್ಟರು. ವೈದ್ಯರ ಒಪ್ಪಿಗೆ ಪಡೆದು ಸಪ್ಪೆ ನೀರನ್ನು ಒಂದು ಲೀಟರಿಗೆ ಇಳಿಸಿ, ಉಪ್ಪು ಗ್ಲೂಕೋಸಿನ ಮಿಶ್ರಣವನ್ನು ಒಂದು ಲೀಟರ್ ಕುಡಿಯುತ್ತಿದ್ದೇನೆ. ಮೊದಲಿಗಿಂತ ಕಡಿಮೆ ಕುಡಿದರೂ ಮೂತ್ರ ತಿಳಿಯಾಗಿದೆ. ಮೀನಖಂಡ ಹಿಡಿದುಕೊಳ್ಳದೆ ಹನ್ನೊಂದು ದಿನಗಳಾದವು, ಶೌಚದ ಲೆಕ್ಕ ಏಳಕ್ಕೆ ಇಳಿದಿದೆ. ಸುಸ್ತು ಇನ್ನೂ ಪೂರ್ತಿ ಹೋಗಿಲ್ಲ. ಕಬ್ಬಿಣಾಂಶವನ್ನು ನರದ ಮೂಲಕ ಕೊಡುವುದೆಂದು ನಿರ್ಧಾರವಾಗಿದೆ. ಒಂದು ಸಣ್ಣ ಸಂಶಯ: ಬೆಳಿಗ್ಗೆ ಕಲಸಿದ ಮಿಶ್ರಣವನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದೇ?

ಮೊದಲ ಉತ್ತರ ಬರೆದವರು

ಫ್ರಿಜ್ಜಿನಲ್ಲಿಟ್ಟು ಇಪ್ಪತ್ನಾಲ್ಕು ಗಂಟೆಗಳೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ. ನಾನು ರಾತ್ರಿ ಮಲಗುವ ಮುಂಚೆ ಕಲಸಿಡುತ್ತೇನೆ, ಬೆಳಗಾಗುವಷ್ಟರಲ್ಲಿ ಚೆನ್ನಾಗಿ ತಣ್ಣಗಾಗಿರುತ್ತದೆ.