ಬಾಯಿ ಕ್ಯಾನ್ಸರ್ ಆಪರೇಷನ್ ಆದ ಮೇಲೆ ರೇಡಿಯೇಷನ್: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 58 ವರ್ಷ. ತಂಬಾಕು ಹಾಕುವ ಅಭ್ಯಾಸ ಇತ್ತು. ಕೆನ್ನೆ ಒಳಗಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಮೂರು ವಾರ ಆಯಿತು. ಈಗ 30 ರೇಡಿಯೇಷನ್ ಬರೆದಿದ್ದಾರೆ. ಗಡ್ಡೆನೇ ತೆಗೆದ ಮೇಲೆ ಇದು ಯಾಕೆ? ಕರೆಂಟ್ ಕೊಟ್ಟು ಸುಡ್ತಾರೆ ಅಂತ ಊರಲ್ಲಿ ಹೆದರಿಸುತ್ತಿದ್ದಾರೆ. ಸುಗ್ಗಿ ಮುಗಿಸಿಕೊಂಡು ಎರಡು ತಿಂಗಳು ಬಿಟ್ಟು ಶುರು ಮಾಡಿದರೆ ಆಗಲ್ವಾ?

ಉತ್ತರ (ರೇಡಿಯೇಷನ್ ಡಾಕ್ಟರ್): ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ದಯವಿಟ್ಟು ಎರಡು ತಿಂಗಳು ಬಿಡಬೇಡಿ. ಗಾಯ ಒಣಗಿದ್ದರೆ ಆಪರೇಷನ್ ಆದ ಆರು ವಾರದೊಳಗೆ ಶುರು ಆಗಬೇಕು. ಕಣ್ಣಿಗೆ ಕಾಣುವ ಗಡ್ಡೆ ಹೋಗಿದೆ, ಆದರೆ ಸುತ್ತಲಿನ ಜಾಗದಲ್ಲಿ, ಕತ್ತಿನ ಗಂಟುಗಳಲ್ಲಿ ಕಾಣದ ಕಣಗಳು ಉಳಿದಿರಬಹುದು, ಅವು ಮತ್ತೆ ಬೆಳೆಯದಿರಲಿ ಅಂತಲೇ ಇದು.

ಸುಡುವುದು, ಶಾಕ್ ಹೊಡೆಯುವುದು ಏನೂ ಇಲ್ಲ. ಈಗಿನ ಲೀನಿಯರ್ ಆಕ್ಸಿಲರೇಟರ್ ಮಷಿನ್‌ನಿಂದ ಬರುವುದು ಬಹಳ ಶಕ್ತಿಯ ಎಕ್ಸ್‌ರೇ. ಬೀಳುವಾಗ ಗೊತ್ತೂ ಆಗುವುದಿಲ್ಲ. ಮೊದಲ ದಿನ ಬಿಸಿನೀರಲ್ಲಿ ಮೆತ್ತಗೆ ಮಾಡಿದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಒತ್ತಿ ಮಾಸ್ಕ್ ಮಾಡುತ್ತಾರೆ, ತಲೆ ಅಲುಗಾಡದಿರಲಿ ಅಂತ. ಅದನ್ನು ಹಾಕಿಕೊಂಡೇ ಸಿಟಿ ಸ್ಕ್ಯಾನ್. ಆ ಸ್ಕ್ಯಾನ್ ಮೇಲೆ ನಾವು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು (ಬೆನ್ನುಹುರಿ, ಜೊಲ್ಲಿನ ಗ್ರಂಥಿ) ಅಂತ ಗೆರೆ ಹಾಕುತ್ತೇವೆ, ಮೆಡಿಕಲ್ ಫಿಸಿಸಿಸ್ಟ್ ಕಂಪ್ಯೂಟರ್‌ನಲ್ಲಿ ಲೆಕ್ಕ ಕಟ್ಟುತ್ತಾರೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ, ಸುಮ್ನೆ ಕಾಯಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಆಮೇಲೆ ಸೋಮವಾರದಿಂದ ಶುಕ್ರವಾರ, ದಿನಕ್ಕೆ ಒಂದು, ಒಟ್ಟು ಆರು ವಾರ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ 60 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ).

ಈ ವಾರವೇ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಹುಳುಕು ಹಲ್ಲು ಕೀಳಬೇಕಿದ್ದರೆ ಈಗಲೇ ಕೀಳಿಸಬೇಕು, ಗಾಯ ಮಾಯಲು ಎರಡು ವಾರ ಬೇಕು. ರೇಡಿಯೇಷನ್ ಆದ ಮೇಲೆ ಕಿತ್ತರೆ ದವಡೆ ಮೂಳೆ ಮಾಯದೆ ಕೊಳೆಯಬಹುದು. ಇದನ್ನು ತುಂಬಾ ಜನ ಕಡೆಗಣಿಸುತ್ತಾರೆ.

ಮೂರನೇ ವಾರದಿಂದ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ. ಕಷ್ಟ ಇದೆ, ಇಲ್ಲ ಅಂತ ಹೇಳುವುದಿಲ್ಲ. ಖಾರ ಬಿಡಿ. ಗಂಜಿ, ಮೊಟ್ಟೆ, ಬೇಳೆ ಕಟ್ಟು, ಹಾಲು ಕೊಡಿ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ. ನುಂಗಲು ಆಗದಿದ್ದರೆ ಮೂಗಿನ ಟ್ಯೂಬ್ ಹಾಕುತ್ತೇವೆ, ಅದಕ್ಕೆ ಹೆದರಿ ಟ್ರೀಟ್‌ಮೆಂಟ್ ನಿಲ್ಲಿಸಬೇಡಿ. ತೂಕ ಜಾಸ್ತಿ ಇಳಿದರೆ ಮಾಸ್ಕ್ ಸಡಿಲವಾಗಿ ಗುರಿಯೇ ತಪ್ಪುತ್ತದೆ. ತಂಬಾಕು ಪೂರ್ತಿ ಬಂದ್.

ಪ್ರಶ್ನೆ: ಹತ್ತಿರದ ಊರಲ್ಲಿ ಹಳೆ ಕೋಬಾಲ್ಟ್ ಮಷಿನ್ ಇದೆ. ಬೆಂಗಳೂರಿಗೇ ಹೋಗಬೇಕಾ? ಖರ್ಚು?

ಉತ್ತರ: ಕೋಬಾಲ್ಟ್ ಅನ್ನುವ ವಿಕಿರಣ ಲೋಹದಿಂದ ಕಿರಣ ಬಿಡುವ ಆ ಹಳೆ ಮಷಿನ್ ಕೂಡ ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ. ಆದರೆ ಬಾಯಿ, ಕತ್ತಿನ ಜಾಗಕ್ಕೆ ಐಎಂಆರ್‌ಟಿ ವಿಧಾನದಲ್ಲಿ (ಹೊಸ ಮಷಿನ್ ಕಿರಣವನ್ನು ಗುರಿಯ ಆಕಾರಕ್ಕೆ ತಕ್ಕಂತೆ ಬಿಡುವುದು) ಜೊಲ್ಲಿನ ಗ್ರಂಥಿ ಉಳಿಸಬಹುದು, ಮುಂದೆ ಬಾಯಿ ಒಣಗುವ ಕಾಟ ಕಡಿಮೆ. ಆಗುವುದಾದರೆ ಅದನ್ನೇ ಕೇಳಿ. ಆದರೆ ದೂರ ಹೋಗಿ, ಉಳಿಯಲು ಜಾಗ ಇಲ್ಲದೆ ವಾರಕ್ಕೆ ಎರಡು ದಿನ ತಪ್ಪಿಸುವುದಾದರೆ ಹೊಸ ಮಷಿನ್‌ನ ಲಾಭ ಕೈಗೆ ಸಿಗುವುದಿಲ್ಲ, ಯಾಕೆಂದರೆ ಈ ಕ್ಯಾನ್ಸರ್ ಸಂದು ಸಿಕ್ಕಿದರೆ ಮತ್ತೆ ಬೆಳೆಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸರ್ಕಾರಿ ಯೋಜನೆಯಲ್ಲಿ ರೇಡಿಯೇಷನ್ ಬರುತ್ತದೆ, ಶುರು ಮಾಡುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಾಣಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ವಿಚಾರಿಸಿ.

ಪ್ರಶ್ನೆ (ಇನ್ನೊಬ್ಬ ಮಹಿಳೆ): ನನಗೆ ಸ್ತನ ಕ್ಯಾನ್ಸರ್, 15 ದಿನ ಸಾಕು ಅಂದರು. ಕಡಿಮೆ ಆಯಿತಾ? ಮನೆಯಲ್ಲಿ ಎರಡು ವರ್ಷದ ಮಗು ಇದೆ.

ಉತ್ತರ: ಕಡಿಮೆ ಅಲ್ಲ. ದಿನದ ಡೋಸ್ ಸ್ವಲ್ಪ ಜಾಸ್ತಿ ಮಾಡಿ 15 ದಿನದಲ್ಲಿ 40 ಗ್ರೇ ಕೊಡುತ್ತಾರೆ. ಬ್ರಿಟನ್‌ನಲ್ಲಿ ಸಾವಿರಾರು ಹೆಂಗಸರ ಮೇಲೆ ವರ್ಷಗಟ್ಟಲೆ ನೋಡಿದ ಮೇಲೆ ಬಂದ ಪದ್ಧತಿ ಇದು. ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ. ಮಷಿನ್ ನಿಂತ ಕ್ಷಣ ಎಕ್ಸ್‌ರೇಯೂ ನಿಲ್ಲುತ್ತದೆ, ನಿಮ್ಮ ಮೈಯಲ್ಲಿ ಏನೂ ಉಳಿಯುವುದಿಲ್ಲ. ಥೈರಾಯ್ಡ್ ಕ್ಯಾನ್ಸರ್‌ಗೆ ಕುಡಿಸುವ, ವಿಕಿರಣ ಇರುವ ಅಯೋಡಿನ್ ಔಷಧಿಯ ವಿಷಯ ಬೇರೆ, ಅವರು ಕೆಲವು ದಿನ ಮಕ್ಕಳಿಂದ ದೂರ ಇರಬೇಕು.

ಪ್ರಶ್ನೆ (ಮೊದಲಿನವರು): ನಡುವೆ ಹಬ್ಬದ ರಜೆ ಬಂದರೆ, ಮಷಿನ್ ಕೆಟ್ಟರೆ?

ಉತ್ತರ: ಅದನ್ನು ಸರಿದೂಗಿಸುವುದು ನಮ್ಮ ಕೆಲಸ. ಶನಿವಾರ ಕರೆಯಬಹುದು, ಇಲ್ಲವೇ ಒಂದೇ ದಿನ ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಕೊಡಬಹುದು. ಒಂದು ದಿನ ತಪ್ಪಿದರೂ ಹೀಗೆ ಮಾಡಲು ಆಗುತ್ತಾ ಅಂತ ಅವತ್ತೇ ಕೇಳಿ.