ಹದಿನೈದು ವರ್ಷಕ್ಕೇ ಮುಂದಿನ ಕೆಲಸ ತೀರ್ಮಾನ ಆಗಲೇಬೇಕಾ?

ಮಳೆಹನಿ:
ಮಗಳಿಗೆ ಹದಿನೈದು ತುಂಬಿತು. ಮುಂದಿನ ವರ್ಷ ಯಾವ ವಿಷಯ ತಗೊಳ್ಳುತ್ತೀಯ ಅಂತ ಶಾಲೆಯಿಂದ ಫಾರ್ಮ್ ಕೊಟ್ಟಿದ್ದಾರೆ. ಕೊನೆಯಲ್ಲಿ ‘ದೊಡ್ಡವಳಾಗಿ ಏನಾಗುತ್ತೀಯ?’ ಅನ್ನೋ ಕಾಲಂ. ಮೂರು ದಿನದಿಂದ ಅದೊಂದೇ ಖಾಲಿ. ಒಮ್ಮೆ ‘ಡಾಕ್ಟರ್’ ಅಂತ ಬರೆದು ಅಳಿಸಿದ್ದಾಳೆ, ಪೆನ್ಸಿಲ್ ಗುರುತು ಇನ್ನೂ ಕಾಣುತ್ತದೆ. ಯಾಕೆ ಅಳಿಸಿದೆ ಅಂದರೆ, ‘ಎಲ್ಲರೂ ಅದನ್ನೇ ಬರೆದಿದ್ರು ಅಮ್ಮ, ಅದಕ್ಕೆ ನಾನೂ ಬರೆದೆ’ ಅಂದಳು. ಈ ವಯಸ್ಸಿಗೆ ತೀರ್ಮಾನ ಆಗಲೇಬೇಕಾ? ಅನುಭವ ಇದ್ದವರು ಹೇಳಿ.

ಲೆಕ್ಕದ ಮೇಷ್ಟ್ರು:
ಆಗಬೇಕು ಮೇಡಂ. ಇಪ್ಪತ್ತಾರು ವರ್ಷ ಗಣಿತ ಕಲಿಸಿದ್ದೇನೆ. ನನ್ನ ಹತ್ತಿರ ಓದಿದ ಒಬ್ಬ ಹುಡುಗ ಕಷ್ಟ ಅಂತ ಗಣಿತ ಬಿಟ್ಟ. ಎರಡು ವರ್ಷ ಕಳೆದ ಮೇಲೆ ಆರ್ಕಿಟೆಕ್ಟ್ ಆಗೋ ಆಸೆ ಹುಟ್ಟಿತು. ಅವನು ನೋಡಿದ ಕಾಲೇಜಿನಲ್ಲಿ ಗಣಿತ ಕಡ್ಡಾಯ. ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಬಂದ. ‘ಆಮೇಲೆ ನೋಡೋಣ’ ಅನ್ನೋದು ಕೇಳೋಕೆ ಚೆನ್ನಾಗಿರುತ್ತದೆ, ಅಷ್ಟೇ. ಗುರಿ ಇಟ್ಟುಕೊಂಡು, ಅದಕ್ಕೆ ಬೇಕಾದ ವಿಷಯ ಯಾವುದು ಅಂತ ಹಿಂದಕ್ಕೆ ಲೆಕ್ಕ ಹಾಕಬೇಕು.

ನೀಲಿ ಪೆನ್ನು:
ನಾನು ಹೈಸ್ಕೂಲ್ ಮಕ್ಕಳ ಕೌನ್ಸೆಲರ್. ಮೇಷ್ಟ್ರೇ, ವಿಷಯದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಗುರಿಯ ಬಗ್ಗೆ ಒಪ್ಪೋಕಾಗಲ್ಲ. ಮಗುವಿಗೆ ಗೊತ್ತಿರೋ ಕೆಲಸಗಳೇ ನಾಲ್ಕೈದು ಆದರೆ ಗುರಿ ಎಲ್ಲಿಂದ ಬರಬೇಕು? ಹಲವು ದೇಶಗಳು ಸೇರಿ ನಡೆಸುವ ಒಇಸಿಡಿ ಸಂಸ್ಥೆ 2020ರಲ್ಲಿ ಒಂದು ವರದಿ ಹೊರಡಿಸಿತು. 41 ದೇಶಗಳ ಹದಿನೈದು ವರ್ಷದ ಮಕ್ಕಳನ್ನು, ಮೂವತ್ತನೇ ವಯಸ್ಸಿಗೆ ಏನಾಗಿರುತ್ತೀರಿ ಅಂತ ಕೇಳಿದ್ದರು. ಹುಡುಗರಲ್ಲಿ ನೂರಕ್ಕೆ 47, ಹುಡುಗಿಯರಲ್ಲಿ ನೂರಕ್ಕೆ 53 ಮಂದಿ ಹೇಳಿದ್ದು ಬರೀ ಹತ್ತು ಕೆಲಸಗಳ ಹೆಸರು. ಮಳೆಹನಿಯವರೇ, ನಿಮ್ಮ ಮಗಳು ಆ ಪದ ಅಳಿಸಿದ್ದು ನನಗೆ ಖುಷಿ ಕೊಟ್ಟಿತು.

ಇನ್ನೊಂದು ಮಾತು. ಲಿಂಡಾ ಗಾಟ್‌ಫ್ರೆಡ್ಸನ್ ಅನ್ನೋ ಮನಶ್ಶಾಸ್ತ್ರಜ್ಞೆ 1981ರಲ್ಲೇ ಹೇಳಿದ್ದಾರೆ: ಮಕ್ಕಳು ಆರರಿಂದ ಎಂಟರ ವಯಸ್ಸಿಗೇ ‘ಇದು ಹುಡುಗರ ಕೆಲಸ, ಇದು ಹುಡುಗಿಯರ ಕೆಲಸ’ ಅಂತ ಕೆಲವನ್ನು ಕೈಬಿಡುತ್ತಾರೆ. ಹದಿಮೂರರ ಹೊತ್ತಿಗೆ ‘ಇದಕ್ಕೆ ಮರ್ಯಾದೆ ಕಡಿಮೆ’ ಅಂತ ಇನ್ನಷ್ಟು ಬಿಡುತ್ತಾರೆ. ಫಾರ್ಮ್ ಕೈಗೆ ಬರೋ ಹೊತ್ತಿಗೆ ಪಟ್ಟಿ ಅರ್ಧ ಸವೆದಿರುತ್ತದೆ. ಮೊದಲು ಅದನ್ನು ಹಿಗ್ಗಿಸಬೇಕು. ಆರಿಸೋದು ಆಮೇಲೆ.

ಒಂಟಿಮರ:
ಹಿಗ್ಗಿಸೋದು ಅಂದರೆ ಆ ಆಪ್ಟಿಟ್ಯೂಡ್ ಟೆಸ್ಟ್ ತಾನೇ? ನನಗೂ ಮಾಡಿಸಿದ್ದರು. ಕೊನೆಗೆ ಒಂದು ಹಾಳೆ ಕೈಗಿಟ್ಟು ‘ನಿನ್ನದು ಕಲೆಯ ಸ್ವಭಾವ’ ಅಂದರು. ಅಪ್ಪ ಆ ಹಾಳೆ ಮಡಚಿ ಬೀರುವಿನಲ್ಲಿಟ್ಟರು. ಅಲ್ಲಿಗೆ ಮುಗಿಯಿತು. ಆ ಟೆಸ್ಟ್‌ಗಳ ಮೇಲೆ ನನಗೆ ನಂಬಿಕೆ ಇಲ್ಲ.

ನೀಲಿ ಪೆನ್ನು:
ನಿಮಗೆ ಮಾಡಿಸಿದ್ದು ಬಹುಶಃ ಆಸಕ್ತಿಯ ಪರೀಕ್ಷೆ. ಜಾನ್ ಹಾಲೆಂಡ್ ಅನ್ನೋ ಮನಶ್ಶಾಸ್ತ್ರಜ್ಞ 1959ರಲ್ಲಿ ಶುರು ಮಾಡಿದ ವಿಂಗಡಣೆ ಅದು. ಕೈಕೆಲಸ, ಹುಡುಕಾಟ, ಕಲೆ, ಜನಸೇವೆ, ಮುಂದಾಳತ್ವ, ಅಚ್ಚುಕಟ್ಟಿನ ದಾಖಲೆ ಕೆಲಸ, ಹೀಗೆ ಆರು ಬಗೆ. ಏನು ಇಷ್ಟ ಅಂತ ಅದು ಹೇಳುತ್ತದೆ. ಏನು ಬರುತ್ತದೆ ಅಂತ ಹೇಳಲ್ಲ. ಏನು ಬರುತ್ತದೆ ಅನ್ನೋದನ್ನು ಅಳೆಯೋದು ಆಪ್ಟಿಟ್ಯೂಡ್ ಟೆಸ್ಟ್. ಹಾಲೆಂಡ್ ಕೂಡ ಒಬ್ಬರಿಗೆ ಒಂದೇ ಬಗೆ ಅನ್ನಲಿಲ್ಲ, ಹೆಚ್ಚು ಹೊಂದುವ ಮೂರು ಬಗೆ ಸೇರಿಸಿ ಮೂರು ಅಕ್ಷರದ ಕೋಡ್ ಕೊಟ್ಟ. ನಿಮಗೆ ಒಂದೇ ಹೇಳಿ ಕಳಿಸಿದ್ದು ತಪ್ಪು.

ಅಮೆರಿಕದ ಕಾರ್ಮಿಕ ಇಲಾಖೆಯ ಓನೆಟ್ ತಾಣದಲ್ಲಿ 60 ಪ್ರಶ್ನೆಗಳ ಇಂಥದೇ ಆಸಕ್ತಿ ಪರೀಕ್ಷೆ ಒಂದು ಇದೆ, ದುಡ್ಡು ಕೊಡಬೇಕಿಲ್ಲ. ಅದು ತೋರಿಸೋ ಕೆಲಸಗಳಲ್ಲಿ ಹೆಸರೇ ಕೇಳದ ಹತ್ತನ್ನು ಗುರುತು ಹಾಕಿಕೊಳ್ಳಿ. ಅಷ್ಟಕ್ಕೇ ಬಳಸಿ, ಜಾತಕ ಅಂದುಕೊಳ್ಳಬೇಡಿ.

ಹದಿನಾರರ ಹುಡುಗಿ:
ನಾನೂ ಹೇಳಬಹುದಾ? ನನಗೆ ಪ್ರಾಣಿ ಅಂದರೆ ಪ್ರಾಣ. ವೆಟ್ ಆಗ್ತೀನಿ ಅಂತಿದ್ದೆ. ರಜೆಯಲ್ಲಿ ಒಂದು ದಿನ ಕ್ಲಿನಿಕ್‌ನಲ್ಲಿ ಕೂರೋಕೆ ಬಿಟ್ಟರು. ಒಂದು ನಾಯಿಗೆ ಕಿವಿಯಲ್ಲಿ ಹುಣ್ಣು. ಡಾಕ್ಟರ್ ತೊಳೆಯುವಾಗ ಕೀವಿನ ವಾಸನೆ ಬಂತು, ನನಗೆ ಏನೂ ಅನಿಸಲಿಲ್ಲ. ಆದರೆ ಡಾಕ್ಟರ್ ಅರ್ಧ ದಿನ ಮಾಡಿದ್ದು ಮನುಷ್ಯರ ಜೊತೆ ಮಾತು! ಒಬ್ಬ ಅಜ್ಜ ಮುದಿ ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದಿದ್ದರು. ಇನ್ನು ಉಳಿಯಲ್ಲ ಅಂತ ಅವರಿಗೆ ಹೇಳಬೇಕಿತ್ತು. ಡಾಕ್ಟರ್ ಸ್ಟೂಲ್ ಎಳೆದುಕೊಂಡು ಅವರ ಮಂಡಿಯ ಎತ್ತರಕ್ಕೆ ಕೂತು, ಮೆಲ್ಲಗೆ ಹೇಳಿದರು. ಆಮೇಲೆ ಕೈ ತೊಳೆದು ರಿಜಿಸ್ಟರ್ ಬರೆದರು. ಇದೂ ಈ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನೂ ವೆಟ್ ಆಗೋ ಆಸೆ ಇದೆ. ಆದರೆ ಈಗ ಕೆಟ್ಟ ಸುದ್ದಿ ಹೇಳೋದು ಕಲಿಯಬೇಕು ಅನ್ನೋದೂ ಪಟ್ಟಿಯಲ್ಲಿದೆ.

ಲೆಕ್ಕದ ಮೇಷ್ಟ್ರು:
ಚೆನ್ನಾಗಿ ಬರೆದಿದ್ದೀಯ ಮಗು. ಆದರೆ ನೀನು ಹೋಗೋಕೆ ಯಾರೋ ಪರಿಚಯ ಇದ್ದರು ಅಲ್ವಾ? ಪರಿಚಯ ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಅನುಕೂಲಸ್ಥರ ಮಗು ‘ಹುಡುಕುತ್ತಿದ್ದೇನೆ’ ಅಂತ ಎರಡು ವರ್ಷ ಕಳೆಯಬಹುದು. ಸಾಲ ಮಾಡಿ ಓದುವ ಮಗುವಿಗೆ ಒಂದು ವರ್ಷ ಹೋದರೂ ಮನೆಯೇ ಅಲುಗಾಡುತ್ತದೆ. ನಾನು ಬೇಗ ತೀರ್ಮಾನ ಮಾಡಿ ಅನ್ನೋದು ಆ ಮಕ್ಕಳನ್ನು ನೆನೆಸಿಕೊಂಡು.

ನೀಲಿ ಪೆನ್ನು:
ಈ ಪ್ರಶ್ನೆಯೇ ದೊಡ್ಡದು ಮೇಷ್ಟ್ರೇ. ಅದಕ್ಕೇ ಮಕ್ಕಳಿಗೆ ಕೆಲಸ ತೋರಿಸೋದನ್ನು ಮನೆಯವರ ತಲೆಗೆ ಕಟ್ಟಬಾರದು, ಶಾಲೆ ಮಾಡಬೇಕು. ಐರ್ಲೆಂಡ್‌ನಲ್ಲಿ 1974ರಿಂದ ಟ್ರಾನ್ಸಿಷನ್ ಇಯರ್ ಇದೆ. ಹೈಸ್ಕೂಲಿನ ನಡುವೆ ಒಂದು ವರ್ಷ, ಅದರಲ್ಲಿ ಕೆಲಸದ ಜಾಗಕ್ಕೂ ಹೋಗಿ ಬರುತ್ತಾರೆ. ಇಂಗ್ಲೆಂಡ್‌ನಲ್ಲಿ 2014ರಲ್ಲಿ ಗ್ಯಾಟ್ಸ್‌ಬಿ ಪ್ರತಿಷ್ಠಾನ ಶಾಲೆಗಳ ಉದ್ಯೋಗ ಮಾರ್ಗದರ್ಶನಕ್ಕೆ ಎಂಟು ಮಾನದಂಡ ಕೊಟ್ಟಿತು. ಕೆಲಸ ಮಾಡುವವರನ್ನು ಮಕ್ಕಳು ಭೇಟಿ ಆಗಬೇಕು, ಕೆಲಸದ ಜಾಗ ಕಣ್ಣಾರೆ ನೋಡಬೇಕು ಅನ್ನೋದು ಅದರಲ್ಲಿವೆ. ಅಷ್ಟು ದೊಡ್ಡದು ಆಗದಿದ್ದರೆ ಪ್ರತಿ ಪೋಷಕರನ್ನೂ ವರ್ಷಕ್ಕೊಮ್ಮೆ ತರಗತಿಗೆ ಕರೆಯಲಿ. ಗಾರೆ ಕೆಲಸದವರು, ನರ್ಸ್, ಲಾರಿ ಓಡಿಸುವವರು, ಎಲ್ಲರನ್ನೂ. ‘ನಿಮ್ಮ ಕೆಲಸ ಇಷ್ಟನಾ?’ ಅಂತ ಕೇಳಬೇಡಿ. ‘ನಿನ್ನೆ ಹತ್ತರಿಂದ ಹನ್ನೆರಡರವರೆಗೆ ಏನು ಮಾಡಿದ್ರಿ?’ ಅಂತ ಕೇಳಿ. ಆಗ ನಿಜವಾದ ಕೆಲಸ ಹೊರಗೆ ಬರುತ್ತದೆ.

ಒಂಟಿಮರ:
ನಾನು ಯಂತ್ರಗಳ ಡ್ರಾಯಿಂಗ್ ಹಾಕುತ್ತಿದ್ದೆ. ಒಂದು ದಿನ ಕೈಪಿಡಿ ಬರೆಯೋಕೆ ಜನ ಇಲ್ಲ ಅಂತ ನನ್ನನ್ನು ಕೂರಿಸಿದರು. ಈಗ ಅದೇ ನನ್ನ ಕೆಲಸ, ಒಂಬತ್ತು ವರ್ಷ ಆಯಿತು. ಆಕಸ್ಮಿಕವಾಗಿ ಬಂದದ್ದನ್ನು ಹಿಡಿದುಕೊಳ್ಳೋದೂ ಒಂದು ಕಲಿಕೆ ಅಂತ ಜಾನ್ ಕ್ರಂಬೋಲ್ಟ್ ಅನ್ನೋ ಮನಶ್ಶಾಸ್ತ್ರಜ್ಞರು ಜೊತೆಗಾರರೊಡನೆ 1999ರಲ್ಲಿ ಬರೆದಿದ್ದಾರೆ. ಓದಿ ಮನಸ್ಸು ಹಗುರ ಆಗಿತ್ತು. ಅದಕ್ಕೆ ಬೇಕಾದದ್ದು ಕುತೂಹಲ, ಬಿಡದೆ ಹಿಡಿಯೋದು, ಮನಸ್ಸು ಬದಲಿಸೋ ಸಡಿಲ. ಮಳೆಹನಿಯವರೇ, ಕಾಲಂ ಖಾಲಿ ಇದ್ದರೆ ಇರಲಿ ಬಿಡಿ.

ಲೆಕ್ಕದ ಮೇಷ್ಟ್ರು:
ಕಾಲಂ ಖಾಲಿ ಇರಲಿ, ಗಣಿತ ಮಾತ್ರ ಬಿಡಬೇಡಿ. ಕಷ್ಟ ಆದರೆ ಸಂಜೆ ಒಂದು ಗಂಟೆ ಯಾರಾದರೂ ಕೂತು ಹೇಳಿಕೊಡಲಿ. ಯಾವ ಕೋರ್ಸಿಗೆ ಯಾವ ವಿಷಯ ಕಡ್ಡಾಯ ಅಂತ ಕಾಲೇಜಿನ ನಿಯಮವನ್ನೇ ನೋಡಿ, ಅವರಿವರ ಮಾತು ಕೇಳಬೇಡಿ. ಇಷ್ಟರ ಮಟ್ಟಿಗೆ ನಾನು ಇಳಿಯುತ್ತೇನೆ. ಹತ್ತೊಂಬತ್ತಾದ ಮೇಲೂ ‘ಗೊತ್ತಿಲ್ಲ’ ಅಂದರೆ ನಾನು ಒಪ್ಪಲ್ಲ.

ನೀಲಿ ಪೆನ್ನು:
ಅದಕ್ಕೂ ನನ್ನ ತಕರಾರು ಇದೆ. ಡೊನಾಲ್ಡ್ ಸೂಪರ್ ಅನ್ನೋ ಮನಶ್ಶಾಸ್ತ್ರಜ್ಞ ಕೆಲಸದ ಹುಡುಕಾಟದ ವಯಸ್ಸು ಅಂತ ಹೇಳಿದ್ದು ಹದಿನೈದರಿಂದ ಇಪ್ಪತ್ತನಾಲ್ಕು. ಆದರೆ ಗಣಿತ ಉಳಿಸಿಕೊಳ್ಳಿ ಅನ್ನೋದಕ್ಕೆ ನನ್ನದೂ ಸಹಿ.

ಮಳೆಹನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಣಿತಕ್ಕೆ ಟಿಕ್ ಹಾಕಿದಳು. ನಮ್ಮ ಪಕ್ಕದ ಮನೆಯವರು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾರೆ. ಶನಿವಾರ ಮಾತಾಡಲು ಸಮಯ ಕೊಟ್ಟಿದ್ದಾರೆ. ಮಗಳು ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ಪ್ರಶ್ನೆ ಬರೆದಿಟ್ಟುಕೊಂಡಿದ್ದಾಳೆ. ಮೊದಲನೆಯದು ಹತ್ತರಿಂದ ಹನ್ನೆರಡರದು. ಎರಡನೆಯದು ಅವಳದೇ: ‘ಸ್ಯಾಂಪಲ್ ಅದಲುಬದಲಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ?’