ಪದಚರ್ಚೆ: ಪ್ಲಾಸ್ಮಾದೊಳಗಿನ ಧೂಳು ತಂತಾನೇ ಸಾಲಾಗೋದಕ್ಕೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಪ್ಲಾಸ್ಮಾ (ಎಲೆಕ್ಟ್ರಾನುಗಳೂ, ಎಲೆಕ್ಟ್ರಾನ್ ಕಳ್ಕೊಂಡ ಪರಮಾಣುಗಳು ಅಂದ್ರೆ ಅಯಾನುಗಳೂ ಬಿಡಿಬಿಡಿಯಾಗಿ ಓಡಾಡೋ ಅನಿಲ) ಬಗ್ಗೆ ಒಂದು ಪಾಠ ಬರೀತಿದೀನಿ, ಇಂಗ್ಲಿಷಿನ self-organization ಅನ್ನೋ ಪದ ಸತಾಯಿಸ್ತಿದೆ. ‘ಸ್ವಯಂಸಂಘಟನೆ’ ಅನ್ನಬಹುದು, ಆದ್ರೆ ಇಲ್ಲಿ ಸಂಘಟನೆ ಅಂದ್ರೆ ರೈತ ಸಂಘಟನೆ, ಆಟೋ ಚಾಲಕರ ಸಂಘಟನೆ, ಬಾವುಟ ಬ್ಯಾನರ್ ಎಲ್ಲ ಕಣ್ಮುಂದೆ ಬಂದ್ಬಿಡತ್ತೆ.

ವಿಷಯ ಏನಪ್ಪಾ ಅಂದ್ರೆ, ಆರ್ಗಾನ್ ಥರದ ಅನಿಲಾನ ಕಮ್ಮಿ ಒತ್ತಡದಲ್ಲಿಟ್ಟು ಕರೆಂಟ್ ಕೊಟ್ಟು ಪ್ಲಾಸ್ಮಾ ಮಾಡಿ, ಅದರೊಳಗೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಪ್ಲಾಸ್ಟಿಕ್ ಪುಡಿ ಉದುರಿಸ್ತಾರೆ, ಇದೇ ಆ ಧೂಳು. ಎಲೆಕ್ಟ್ರಾನುಗಳು ಅಯಾನುಗಳಿಗಿಂತ ಬಲು ಚುರುಕು, ಅವೇ ಮೊದ್ಲು ಬಂದು ಮೆತ್ಕೊಳ್ತವೆ, ಹಂಗಾಗಿ ಒಂದೊಂದು ಕಣದ ಮೇಲೂ ಸಾವಿರಾರು ಎಲೆಕ್ಟ್ರಾನಿನಷ್ಟು ಋಣ ಚಾರ್ಜು. ಕೆಳಗಿನ ಎಲೆಕ್ಟ್ರೋಡ್ ಹತ್ರ ಇರೋ ವಿದ್ಯುತ್ ಕ್ಷೇತ್ರ ಮೇಲಕ್ಕೆ ತಳ್ಳತ್ತೆ, ಭಾರ ಕೆಳಕ್ಕೆ ಎಳೆಯತ್ತೆ, ಎರಡೂ ಸರಿಹೋದ ಎತ್ತರದಲ್ಲಿ ಪುಡಿ ತೇಲ್ತಾ ನಿಲ್ಲತ್ತೆ, ಆಮೇಲೆ ಒಂದನ್ನೊಂದು ದೂಡ್ತಾ ದೂಡ್ತಾ ಪ್ರತಿ ಕಣದ ಸುತ್ತ ಆರು ಕಣ ಬರೋ ಹಾಗೆ ಕೂತ್ಬಿಡ್ತವೆ. ಲೇಸರ್ ಬೆಳಕು ಬಿಟ್ರೆ ಮಾಮೂಲಿ ಕ್ಯಾಮರಾಗೇ ಕಾಣತ್ತೆ, ಥೇಟ್ ಸಂದುಚುಕ್ಕಿ ರಂಗೋಲಿ. ಹೀಗಾಗಬಹುದು ಅಂತ 1986ರಲ್ಲೇ ಇಕೇಜಿ ಅನ್ನೋ ಭೌತವಿಜ್ಞಾನಿ ಲೆಕ್ಕ ಹಾಕಿ ಹೇಳಿದ್ರು, 1994ರಲ್ಲಿ ಜರ್ಮನಿ, ತೈವಾನ್, ಜಪಾನಿನ ತಂಡಗಳು ಬೇರೆಬೇರೆಯಾಗಿ ಮಾಡಿ ತೋರಿಸಿದ್ವು. ಇದಕ್ಕೆ ಪ್ಲಾಸ್ಮಾ ಹರಳು ಅಂತ ಬರ್ಕೊಂಡಿದೀನಿ (ಅರಸೀಕೆರೆ ಕಡೆ ಮಕ್ಕಳಿಗೆ ಹರಳು ಅಂದ್ರೆ ಹರಳೆಣ್ಣೆ ನೆನಪಾದ್ರೂ ಆಗ್ಲಿ ಬಿಡಿ).

‘ಜೋಡಣೆ’ ಅನ್ನೋಣ ಅಂದ್ರೆ ಇಲ್ಲಿ ಯಾವ್ದೂ ಯಾವ್ದಕ್ಕೂ ತಾಗಿಲ್ಲ, ಕಣದಿಂದ ಕಣಕ್ಕೆ ಅದರ ಗಾತ್ರದ ಹತ್ತಾರು ಪಟ್ಟು ದೂರ ಇರತ್ತೆ. ದೂರ ಇಟ್ಟಿರೋದ್ರಿಂದಲೇ ಈ ಅಚ್ಚುಕಟ್ಟು. ನಂಗೆ ಸದ್ಯಕ್ಕೆ ಹಿಡಿಸಿರೋದು ‘ಓರಣ’. ‘ಧೂಳು ತಂತಾನೇ ಓರಣಗೊಳ್ಳತ್ತೆ’ ಅಂದ್ರೆ ಎಂಟನೇ ಕ್ಲಾಸಿನವರಿಗೂ ಅರ್ಥ ಆಗತ್ತೆ. ಆದ್ರೆ ಓರಣ ಅಂದ ಕೂಡ್ಲೇ ಯಾರೋ ಕೈಯಾರೆ ಇಟ್ಟಿದಾರೆ ಅನ್ಸತ್ತಾ? ಇನ್ನೊಂದು, 2007ರಲ್ಲಿ ಸಿಟೊವಿಚ್, ಮೊರ್ಫಿಲ್ ಅನ್ನೋ ವಿಜ್ಞಾನಿಗಳು ಮತ್ತೆ ಜೊತೆಯವರು ಇಂಥ ಕಣಗಳು ಸುರುಳಿ ಸುತ್ಕೊಂಡ ಎಳೆ ಆಗಬಹುದು ಅಂತ ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ತೋರಿಸಿದ್ರು, ಜೀವದ ಥರ ಅಂತೆಲ್ಲ ಸುದ್ದಿ ಆಯ್ತು, ಅಷ್ಟು ದೂರ ನಾನು ಹೋಗಲ್ಲ. ಆ ಸುರುಳಿಗೂ ಓರಣ ಒಪ್ಪತ್ತಾ, ಇಲ್ಲ ಸಾಲು ಸಾಲಾಗಿ ಇದ್ರೆ ಮಾತ್ರಾನಾ?

ಹೆಡ್ಡಿಂಗಿಗೆ ಹಾಕೋಕೆ ನಾಮಪದಾನೇ ಬೇಕು, ‘ತನ್ನೋರಣ’ ಯಾಕೋ ಹೊಸ ಚಪ್ಪಲಿ ಥರ ಕಚ್ತಿದೆ. ಸಕಲೇಶಪುರ, ಮೂಡಿಗೆರೆ ಕಡೆಯವ್ರು ಬೇರೆ ಮಾತು ಬಳಸೋದಿದ್ರೆ ಹೇಳಿ, ವಾಕ್ಯದಲ್ಲಿಟ್ಟು ತೋರಿಸಿದ್ರೆ ಇನ್ನೂ ಒಳ್ಳೇದು.